ಎಂಬತ್ತರ ಕಂಪು

ನಮ್ಮ ಹಳೆಯ ಕಾರಿನ ಒಳಗನ್ನಡಿಗೆ ಒಣಗಿದ ಸುರಗಿ ಹೂವಿನ ಒಂದೆಳೆ ಸರ ತೂಗುಬಿದ್ದಿದೆ. ಕಾಶಿಯ ಗಾಡಿಗಳಲ್ಲಿ ರುದ್ರಾಕ್ಷಿ ತೂಗುವುದುಂಟು, ದೇವಿಗೆ ಹೊದಿಸಿದ ಕೆಂಪು ಚುನರಿ ತೂಗುವುದುಂಟು. ಈ ಕಂದುಬಣ್ಣದ ಮುದುಡಿದ ಮೊಗ್ಗುಗಳನ್ನು ಕಂಡವರೆಲ್ಲ ಮಾತ್ರ ಇದಾವ ಕ್ಷೇತ್ರದ ಪ್ರಸಾದವೆಂದು ವಿಚಾರಿಸುತ್ತಾರೆ. ನಮ್ಮ ಸೋನಾರ್‌ಪುರ ರಸ್ತೆಯ ಗುಂಡಿಗಳಲ್ಲಿ ಈ ಸರ ಉಯ್ಯಾಲೆಯಾಡುತ್ತದೆ. ಹೆದ್ದಾರಿ ಸೇರಿ ವೇಗ ಏರಿತೆಂದರೆ ಸಮಾಧಿಸ್ಥನಾದ ಯತಿಯಂತೆ ನಿಶ್ಚಲವಾಗಿ ನಿಂತುಬಿಡುತ್ತದೆ. ಅದನ್ನು ಮೊದಲು ಕಟ್ಟಿದ ದಿನ ಹೀಗಿರಲಿಲ್ಲ. ಅಂದು ವೇಗ ಏರಿದಷ್ಟೂ ಅದು ಚಳಿಹಿಡಿದಂತೆ ನಡುಗುತ್ತಿತ್ತು.

ಕಾರಿಗೂ ನನಗೂ ಏನು ಸಂಬಂಧವೆಂದು ನೀವು ಕೇಳಬಹುದು. ಹನುಮಾನ್ ಘಾಟಿನಲ್ಲಿ ಪೌರೋಹಿತ್ಯ ಮಾಡಿಕೊಂಡಿರುವ ನಮ್ಮ ಮನೆಗೆ ಕರ್ನಾಟಕದಿಂದ ಯಾತ್ರಿಕರು ಬರುತ್ತಾರೆ. ಅವರನ್ನು ಪ್ರಯಾಗಕ್ಕೂ ಗಯೆಗೂ ಕರೆದೊಯ್ಯಲು ಯಾರೋ ಬಳಸಿ ಬಿಟ್ಟ ಈ ವಾಹನವನ್ನು ಕೊಂಡದ್ದು. ಸಾರಥಿ ಲಲ್ಲನ್ ಅಪ್ಪಟ ಬನಾರಸಿ. ಬಾಯಲ್ಲಿ ಸದಾ ಪಾನ್ ಇರುವುದರಿಂದ ಅವನ ವಾಕ್ಯಗಳು ಅರ್ಧ ಮಾತ್ರ ಹೊರಬರುತ್ತವೆ, ಉಳಿದರ್ಧವನ್ನು ಕೇಳುವವನೇ ಅಧ್ಯಾಹಾರ ಮಾಡಿಕೊಳ್ಳಬೇಕು.

ಒಂದು ಬೆಳಗ್ಗೆ ಅವನು, "ಪಂಡಿಜ್ಜಿ, ಗಾಡಿಯಾ ಅಸ್ಸೀ ಪರ್ ಕಾಂಪತ್ ಹೌ" ಎಂದ. ಗಾಡಿ ಅಸ್ಸಿಯಲ್ಲಿ ನಡುಗುತ್ತದೆ ಎಂದು ನಾನು ಗ್ರಹಿಸಿದೆ. ಅಸ್ಸೀ ಘಾಟ್ ನಮ್ಮಿಂದ ಕೂಗಳತೆಯಲ್ಲಿದೆ. ಅಲ್ಲಿನ ಸಂಗಮದೆದುರು ಭಕ್ತರು ಪುಲಕಿತರಾಗುವುದನ್ನು ಬಾಲ್ಯದಿಂದಲೂ ಕಂಡವನು ನಾನು. ಕಾಶೀವಾಸ ಮಾಡುವ ಕಾರಿಗೂ ಒಂದಿಷ್ಟು ಭಕ್ತಿ ಬಂದಿದ್ದರೆ ಆಶ್ಚರ್ಯವೇನೆಂದುಕೊಂಡು, ಇನ್ನು ಮೇಲೆ ಅಸ್ಸಿಯ ದಾರಿ ಬಿಟ್ಟು ಸುತ್ತಿಕೊಂಡು ಹೋಗೆಂದು ಅಪ್ಪಣೆ ಮಾಡಿದೆ. ಅವನು ಕೆಲವು ದಿನ ಹಾಗೆಯೇ ಸುತ್ತಿದ. ಕೊನೆಗೊಮ್ಮೆ ಚಹಾದಂಗಡಿಯ ಮುಂದೆ ಪಾನ್ ಉಗುಳಿ, ಪೂರ್ಣವಾಕ್ಯದಲ್ಲಿ, "ಮಹಾರಾಜ್, ಅಸ್ಸೀ ಘಾಟ್ ಅಲ್ಲ, ಅಸ್ಸೀ ಸ್ಪೀಡು" ಎಂದು ವಿವರಿಸಿದ. ಹಿಂದಿಯಲ್ಲಿ ಅಸ್ಸೀ ಎಂದರೆ ಎಂಬತ್ತು. ಅರುವತ್ತು ವರ್ಷ ಹಿಂದಿಯ ನಡುವೆ ಬಾಳಿದವನಿಗೆ ಸಂಖ್ಯೆಗಿಂತ ಘಾಟೇ ಮೊದಲು ನೆನಪಾಗಿತ್ತು. ಚಹಾದಂಗಡಿಯವನು ಆಗ ಸುಮ್ಮನಿರಲಿಲ್ಲ. ವಿಶ್ವವಿದ್ಯಾಲಯದ ಎದುರಿನ ಲಂಕಾ ಬಡಾವಣೆಯನ್ನು ನೆನೆದು, "ಹನುಮಾನ್ ಘಾಟಿನ ಗಾಡಿ ತಾನೆ, ಪಂಡಿಜ್ಜಿ? ಲಂಕೆಯ ಕಡೆ ಬಿಡಬೇಡಿ, ಬೆಂಕಿ ಹತ್ತೀತು" ಎಂದ.

ಈ ನಡುಕ ಮೊದಲೇ ಇದ್ದಿರಬಹುದು. ನಮಗೆ ಗೊತ್ತಾಗುವ ಅವಕಾಶವಿರಲಿಲ್ಲ. ಗಯೆಯ ಹಳೆಯ ರಸ್ತೆಯಲ್ಲಿ ದಾರಿಯ ದೋಷವೂ ಗಾಡಿಯ ದೋಷವೂ ಕ್ಷೀರನೀರಿನಂತೆ ಬೆರೆತಿದ್ದವು. ಆ ವರ್ಷಗಳಲ್ಲಿ ಚತುಷ್ಪಥವೆಂಬ ಹೊಸ ರಸ್ತೆಯಾಗಿ, ನೆಲ ಸಪಾಟಾದ ಮೇಲೆ, ಇನ್ನು ರಸ್ತೆಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಮಿಸ್ತ್ರಿಗಳು ಚಕ್ರಗಳ ತೂಕ ಸರಿದೂಗಿಸಿ ಅಂಚಿಗೆ ಸೀಸದ ತುಣುಕು ಬಡಿದರು. ಗಲ್ಲಿಯ ಬಾಯಲ್ಲಿ ಓಡಿಸಿ ನೋಡಿದರೆ ಗಾಡಿ ಪರಮಸಾಧು. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿ ಎಂಬತ್ತು ಮುಟ್ಟಿದರೆ ಸ್ಟೀರಿಂಗು ನಡುಗುವುದು, ಬ್ರೇಕು ಒತ್ತಿದರೆ ನಡುಕ ಇಮ್ಮಡಿಸುವುದು. ನಮ್ಮ ವೇದಪಾಠದಲ್ಲಿಯೂ ಕಂಪವೆಂಬುದೊಂದಿದೆ. ಎರಡು ಸ್ವರಗಳು ನಿಯತವಾದ ಎಡೆಯಲ್ಲಿ ಕೂಡಿದಾಗ ಕಂಠ ನಡುಗಲೇಬೇಕು, ಬೇರೆಡೆ ನಡುಗಿದರೆ ಗುರುಗಳ ಗದರಿಕೆ. ಆ ಶಾಸ್ತ್ರವನ್ನೇ ಕಾರಿಗೆ ಅನ್ವಯಿಸಿ, ಕಂಪದ ಸ್ಥಾನನಿರ್ಣಯ ಮಾಡಲು ನಾನು ಕಣ್ಣುಮುಚ್ಚಿ ಕುಳಿತು ಆಲಿಸಿದ್ದುಂಟು. ಫಲವಾಗಿ ನಿದ್ರೆ ಬರುತ್ತಿತ್ತು.

ಆ ಚೈತ್ರದಲ್ಲಿ ನನ್ನ ಅಕ್ಕ ಬಂದಳು. ನಾನು ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಿದ್ದಳು. ಉಪನಯನವಾದೊಡನೆ ನನ್ನನ್ನು ಕಾಶಿಯ ಸೋದರಮಾವನ ಮನೆಗೆ ಕಳುಹಿಸಿದರು. ಅಕ್ಕ ಘಟ್ಟದ ಕೆಳಗಿನ ಊರಿನಲ್ಲಿ ಉಳಿದಳು. ಈಗ ತಾಯಿಯ ಮುಖ ಬಲ್ಲವರು ಲೋಕದಲ್ಲಿ ಅವಳೊಬ್ಬಳೇ. ಗಯೆಯಲ್ಲಿ ಮಾತೃಷೋಡಶಿ ಎಂಬ ವಿಧಿಯಿದೆ: ತಾಯಿ ಪಟ್ಟ ಒಂದೊಂದು ಕಷ್ಟವನ್ನೂ ಹೆಸರಿಸಿ ಹದಿನಾರು ಪಿಂಡಗಳನ್ನಿಡುವುದು. ಅದೆಷ್ಟೋ ಯಾತ್ರಿಕರಿಗೆ ಅದರ ಅರ್ಥ ಹೇಳಿ ಕಣ್ಣೀರು ಬರಿಸಿದ್ದ ನನಗೆ, ನನ್ನ ತಾಯಿಗೆ ಇಟ್ಟಾಗ ಮಾತ್ರ ಕಣ್ಣು ಒದ್ದೆಯಾಗಿರಲಿಲ್ಲ; ಅವಳು ನನಗೆ ಸಂಕಲ್ಪದಲ್ಲಿ ಬರುವ ಒಂದು ಹೆಸರು ಮಾತ್ರವಾಗಿದ್ದಳು. ಅಕ್ಕನದು ಒಂದೇ ಆಸೆ: "ನೀನು ಅಮ್ಮನಿಗೆ ಇಡುವಾಗ ನಾನು ಹಿಂದೆ ಕೂತಿರಬೇಕು, ತಮ್ಮಾ." ಗಯೆಗೆ ಹೋಗಿಬಂದ ಮರುದಿನವೇ ಅವಳು ಊರಿಗೆ ಮರಳುವ ರೈಲು. ಆ ವಯಸ್ಸಿನಲ್ಲಿ ಮತ್ತೊಮ್ಮೆ ಬರುವೆನೆಂದು ಅವಳೂ ಹೇಳಲಿಲ್ಲ, ಬರುವೆಯಾ ಎಂದು ನಾನೂ ಕೇಳಲಿಲ್ಲ.

ನಸುಕಿನಲ್ಲಿ ಹೊರಟೆವು. ಪೆಟ್ಟಿಗೆಯಿಂದ ಒಣ ಸುರಗಿಯ ಸರ ತೆಗೆದು ಕನ್ನಡಿಗೆ ಕಟ್ಟಿದವಳು ಅವಳೇ. ಗಾಡಿ ಎಂಬತ್ತಕ್ಕೆ ನಡುಗುತ್ತದೆಂದು ನಾನು ಮೊದಲೇ ಎಚ್ಚರಿಸಿದ್ದೆ. "ನಾನು ಎಪ್ಪತ್ತೆಂಟಕ್ಕೇ ನಡುಗ್ತೇನೆ ಮಾರಾಯ, ಇದು ಎಂಬತ್ತರವರೆಗೆ ತಡೀತಲ್ಲ" ಎಂದಳು ಅಕ್ಕ. ಮುಗಲ್‌ಸರಾಯಿ ದಾಟಿ, ಮುಟ್ಟಿದರೆ ಪುಣ್ಯ ಕರಗುವುದೆನ್ನುವ ಕರ್ಮನಾಶಾ ನದಿ ಸಮೀಪಿಸುವಾಗ ಸರ ಥರಥರನೆ ನಡುಗತೊಡಗಿತು. ಮುಂದೆ ಹೋಗುತ್ತಿದ್ದ ಲಾರಿಯೊಂದು ಗಕ್ಕನೆ ನಿಧಾನಿಸಿತು; ಲಲ್ಲನ್ ಬ್ರೇಕು ತುಳಿದ. ಗಾಡಿ ಎಡಕ್ಕೆಳೆದುಕೊಂಡು ಹೋಗಿ, ರಸ್ತೆಯಂಚಿನ ಮಣ್ಣಿನಲ್ಲಿ ನಿಂತಿತು.

"ಬಹುತ್ ಕಂಪ್ ಹೌ, ಮಾತಾಜಿ" ಎಂದ ಲಲ್ಲನ್, ತನ್ನ ಕೈಗಳನ್ನು ನೋಡಿಕೊಳ್ಳುತ್ತ. ಬಹಳ ನಡುಕವಿದೆ ಎಂದು ಅವನ ಅಭಿಪ್ರಾಯ. ಹಿಂದಿಯ ಗಂಧವಿಲ್ಲದ ಅಕ್ಕನಿಗೆ ಅದರಲ್ಲಿ ಕೇಳಿಸಿದ್ದು ಒಂದೇ ಒಂದು ಕನ್ನಡ ಶಬ್ದ, ಕಂಪು. ಅವಳು ಮೂಗು ಅರಳಿಸಿದಳು.

"ಇದು ಎಂತ ಕಂಪು ಅಂತಾನೆ ಇವ? ಕಮಟು ನಾತ. ಕೂದಲು ಸುಟ್ಟ ಹಾಗೆ."

ನಾವು ಗಂಡಸರಿಬ್ಬರೂ ಕೈಗೆ ಬಂದ ನಡುಕವನ್ನಷ್ಟೇ ಗಮನಿಸಿದ್ದೆವು. ಮೂಗಿಗೆ ಕೆಲಸ ಕೊಟ್ಟಿರಲಿಲ್ಲ. ಅಕ್ಕ ಇಳಿದು, ಸೆರಗು ಹಿಡಿದುಕೊಂಡು, ಗಾಡಿಗೆ ಪ್ರದಕ್ಷಿಣೆ ಬಂದಳು. ಮುಂದಿನ ಎಡಚಕ್ರದ ಬಳಿ ನಿಂತು, "ಇಲ್ಲಿ" ಎಂದಳು. ಲಲ್ಲನ್ ಅದರ ನಡುವಿಗೆ ನಾಲ್ಕು ಹನಿ ನೀರು ಚಿಮುಕಿಸಿದ. ಕಾದ ಕಾವಲಿಯಂತೆ ಚುಂಯ್ಗುಟ್ಟಿತು. ಬಲಚಕ್ರ ತಣ್ಣಗಿತ್ತು. ಆಗ ಅವನಿಗೆ ಎಲ್ಲವೂ ಹೊಳೆಯಿತು. ಹಿಂದಿನ ಶ್ರಾವಣದಲ್ಲಿ ಗಂಗೆ ಏರಿದಾಗ ಗಾಡಿ ನಗ್ವಾ ಬಡಾವಣೆಯ ತಗ್ಗಿನಲ್ಲಿ ನೀರಿನೊಳಗೆ ನಿಂತಿತ್ತು. ತುಕ್ಕು ಹಿಡಿದ ಬ್ರೇಕು ಒಮ್ಮೆ ಕಚ್ಚಿದರೆ ಪೂರ್ತಿ ಬಿಡುತ್ತಿರಲಿಲ್ಲ. ಗಲ್ಲಿಯ ಅಲ್ಪವೇಗಕ್ಕೆ ಅದು ಕಾಯುತ್ತಿರಲಿಲ್ಲ, ಹೆದ್ದಾರಿಯಲ್ಲಿ ಕಾದು ಕಾದು ಬ್ರೇಕಿನ ತಟ್ಟೆಯೇ ಸೊಟ್ಟಗಾಗಿತ್ತು. ಹತ್ತಿರದ ಮಿಸ್ತ್ರಿ ಚಕ್ರ ಬಿಚ್ಚಿದಾಗ ಕಂಡೆ: ತಟ್ಟೆ ಕಾದು ನೀಲಿಗಟ್ಟಿತ್ತು. ನೀಲಕಂಠನ ಊರಿನ ವಾಹನ, ವಿಷವನ್ನು ಯಾರಿಗೂ ಹೇಳದೆ ನುಂಗಿಕೊಂಡಿತ್ತು.

ಬ್ರೇಕಿನ ಹಿಡಿತ ಬಿಡಿಸಿ, ತುಕ್ಕು ತೆಗೆದು, ರಬ್ಬರು ಬದಲಿಸಿದ್ದಾಯಿತು. ತಟ್ಟೆ ಮಾತ್ರ ಅಲ್ಲಿ ಸಿಗದು. ಅರುವತ್ತು ದಾಟದಿದ್ದರೆ ಅಪಾಯವಿಲ್ಲವೆಂದು ಲಲ್ಲನ್ ಭರವಸೆ ಕೊಟ್ಟ. ಪಿಂಡವಿಡುವ ಹೊತ್ತಾದ ಅಪರಾಹ್ಣದೊಳಗೆ ತಲುಪುವೆವೋ ಇಲ್ಲವೋ ಎಂದು ನಾನು ಸೂರ್ಯನನ್ನೇ ನೋಡುತ್ತಿದ್ದೆ. ಅಕ್ಕ ಲಲ್ಲನ್‌ಗೆ ಪಾಠ ಶುರುಮಾಡಿದ್ದಳು. ಸುರಗಿಯನ್ನು ತೋರಿಸಿ, ಮೂಗು ಮುಟ್ಟಿ, "ಇದು ಕಂಪು." ಅವನು ಕೈ ನಡುಗಿಸಿ, ನಮ್ಮಲ್ಲಿ ಕಂಪೆಂದರೆ ಇದು ಎನ್ನುವಂತೆ, "ಹಮಾರೇ ಇಹಾಂ ಈ ಕಂಪ್." ಇಬ್ಬರೂ ತಮ್ಮ ನಿಘಂಟು ಬಿಟ್ಟುಕೊಡಲಿಲ್ಲ.

ಆಮೇಲೆ ಅವಳು, ನಾನು ಕೇಳದೆಯೇ ಹೇಳಿದಳು: "ಅಮ್ಮನ ಕಂಪು ಇದೇ. ಹೂವಿನ ಕಾಲದಲ್ಲಿ ಮುಡಿದು, ಒಣಗಿದ್ದನ್ನ ಸೀರೆ ನಡುವೆ ಇಡ್ತಿದ್ದಳು. ವರ್ಷವಿಡೀ ಅವಳ ಸೆರಗಿಗೆ ಇದೇ ಪರಿಮಳ. ನೀನು ರಚ್ಚೆ ಹಿಡಿದರೆ ಆ ಸೆರಗು ಹೊದಿಸಿದರೆ ಸಾಕು, ಸುಮ್ಮನಾಗ್ತಿದ್ದೆ. ಅವಳು ಹೋದ ಮೇಲೂ ಎಷ್ಟೋ ದಿನ ಹೊದಿಸಿದ್ದೇನೆ." ಅರುವತ್ತರ ವೇಗದಲ್ಲಿ ಸಾಸಾರಾಮ ಕಳೆಯಿತು, ಸೋನ್ ನದಿಯ ಉದ್ದ ಸೇತುವೆ ಕಳೆಯಿತು, ಅವಳು ಹೇಳುತ್ತಲೇ ಇದ್ದಳು. ಎಂಬತ್ತರಲ್ಲಿ ಓಡಿದ್ದರೆ ಆ ಮಾತುಗಳಲ್ಲಿ ಕಾಲುಭಾಗ ಗಯೆಯ ಗದ್ದಲದಲ್ಲಿ ಹೇಳದೆಯೇ ಉಳಿದುಹೋಗುತ್ತಿತ್ತು.

ಹೊತ್ತು ಮೀರುವ ಮುನ್ನ ತಲುಪಿದೆವು. ಫಲ್ಗು ನದಿಯ ಮರಳಿನಾಚೆ ಅಕ್ಕ ನನ್ನ ಬೆನ್ನ ಹಿಂದೆ ಕುಳಿತಿದ್ದಳು. ಅಷ್ಟು ವರ್ಷ ಬರಿಯ ಶಬ್ದವಾಗಿದ್ದ ತಾಯಿಯ ಹೆಸರನ್ನು ಉಚ್ಚರಿಸುವಾಗ, ಯಾವ ಸ್ವರಶಾಸ್ತ್ರವೂ ವಿಧಿಸದ ಎಡೆಯಲ್ಲಿ ನನ್ನ ಕಂಠ ಕಂಪಿಸಿತು. ಗುರುಗಳಿದ್ದಿದ್ದರೆ ಗದರುತ್ತಿದ್ದರೋ ಏನೋ. ಹಿಂದಿನಿಂದ ಅಕ್ಕ, "ನಿಧಾನ ತಮ್ಮಾ" ಎಂದಳು.

ಊರಿಗೆ ಮರಳಿದ ಎರಡನೆಯ ಮಳೆಗಾಲದಲ್ಲಿ ಅಕ್ಕ ಹೋದಳು. ಈಗ ಗಯೆಗೆ ಹೋದಾಗಲೆಲ್ಲ ಅವಳ ಹೆಸರನ್ನೂ ಹೇಳುತ್ತೇನೆ. ತಟ್ಟೆ ಬದಲಾಗಿದೆ; ಗಾಡಿ ಎಂಬತ್ತರಲ್ಲಿಯೂ ಅಲುಗದು, ಸುರಗಿಯ ಸರ ಅಲುಗದು. ಪರಿಮಳವೂ ಹೆಚ್ಚುಕಡಿಮೆ ಆರಿಹೋಗಿದೆ. ಬಿಸಿಲೇರಿ ಕಾರಿನೊಳಗೆ ಕಾವು ಕೂಡಿದಾಗ ಮಾತ್ರ, ಇದೆಯೋ ಇಲ್ಲವೋ ಎಂಬಂತೆ ಒಂದೆಳೆ ಸುಳಿಯುತ್ತದೆ. ಮೊನ್ನೆ ಕರ್ಮನಾಶಾ ದಾಟುವಾಗ ಹಾಗೆ ಸುಳಿದು, ನಾನು ಕಣ್ಣುಮುಚ್ಚಿದ್ದೆ. ಲಲ್ಲನ್ ಓರೆನೋಟದಲ್ಲಿ ನನ್ನನ್ನು ನೋಡಿ, ಅಕ್ಕ ಕಲಿಸಿದ ಕನ್ನಡದಲ್ಲಿ ಕೇಳಿದ: "ಕಂಪು ಇದೆಯಾ, ಪಂಡಿಜ್ಜಿ?"

ಅವನು ಯಾವ ನಿಘಂಟಿನಿಂದ ಕೇಳಿದನೋ ನಾನರಿಯೆ. "ಇದೆ" ಎಂದೆ.

ಅವನು ವೇಗವನ್ನು ಅರುವತ್ತಕ್ಕೆ ಇಳಿಸಿದ.