ಬೊಂಬಾಯಿಯಿಂದ ಬಂದ ಬಂಬ

ಕುಕ್ಕುಂದೂರಿನ ನಮ್ಮ ಕಡೆಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಬಿಸಿನೀರೆಂದರೆ ಬಚ್ಚಲ ಕೊಟ್ಟಿಗೆಯ ಒಲೆಯ ಮೇಲೆ ಕೂತ ದೊಡ್ಡ ಹಂಡೆ, ಅದರ ಬುಡಕ್ಕೆ ತೆಂಗಿನ ಮಡಲು ಮತ್ತು ಒಣ ಸಿಪ್ಪೆ. ಕೊಟ್ಟಿಗೆ ಮೂರು ಬದಿಯಲ್ಲಿ ತೆರೆದೇ ಇತ್ತು. ಹೊಗೆ ತನಗಿಷ್ಟ ಬಂದ ಕಡೆ ಹೋಗುತ್ತಿತ್ತು. ಮಿಂದು ಬಂದ ತಲೆಯಲ್ಲಿ ಮಧ್ಯಾಹ್ನದವರೆಗೂ ಹೊಗೆಯ ವಾಸನೆ. ಶಾಲೆಯಲ್ಲಿ ಎಲ್ಲರ ತಲೆಯೂ ಹಾಗೆಯೇ ಇದ್ದುದರಿಂದ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದ ಆ ಮಾಗಿಯಲ್ಲಿ ಸುಮತಿಯಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತು. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಮ್ಮನ ತಮ್ಮ ವಾಸುಮಾವ ಮಗುವನ್ನು ನೋಡಲು ಬರುವಾಗ ಗೋಣಿಯಲ್ಲಿ ಸುತ್ತಿದ ಏನನ್ನೋ ಹೊತ್ತು ತಂದರು. ಬಿಚ್ಚಿದರೆ, ನನ್ನ ಎದೆಯೆತ್ತರದ ತಾಮ್ರದ ಪಾತ್ರೆ. ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಕೊಳವೆ, ಬದಿಯಲ್ಲಿ ಹಿತ್ತಾಳೆಯ ನಳ್ಳಿ.

"ಇದು ಎಂತದು ಮಾವ?"

"ಬಂಬ. ನಡುವಿನ ಕೊಳವೆಗೆ ಇದ್ದಲು ಹಾಕುವುದು, ಸುತ್ತ ನೀರು ತುಂಬುವುದು. ನಳ್ಳಿ ತಿರುಗಿಸಿದರೆ ಬಿಸಿನೀರು. ಹೊಗೆಯೇ ಇಲ್ಲ ಮಾರಾಯ್ತಿ!"

ಹೊಗೆಯೇ ಇಲ್ಲ ಎಂಬ ಮಾತಿಗೆ ಅಮ್ಮ ಸೋತಳು. ತೆರೆದ ಕೊಟ್ಟಿಗೆಯಲ್ಲಿ ಬಾಣಂತಿಗೆ ಗಾಳಿ ತಾಗುತ್ತದೆಂದು ಅವಳಿಗೆ ಮೊದಲಿನಿಂದಲೂ ಅಂಜಿಕೆ. ಮನೆಗೆ ತಾಗಿಕೊಂಡೇ ತೆಂಗಿನಕಾಯಿ ರಾಶಿ ಹಾಕುವ ಸಣ್ಣ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿ, ತೊಳೆದು, ಬಂಬವನ್ನು ಅದರ ಮೂಲೆಯಲ್ಲಿ ನಿಲ್ಲಿಸಿದರು. ಹಲಸಿನ ಮರದ ಬಾಗಿಲು, ಒಳಗೆ ಕಬ್ಬಿಣದ ಚಿಲಕ, ಎತ್ತರದಲ್ಲಿ ಮರದ ಸರಳಿನ ಒಂದು ಕಿಟಕಿ. "ಆ ಕಿಟಕಿಗೆ ಗೋಣಿ ತುರುಕು ಶಾರೂ" ಎಂದಳು ಅಮ್ಮ. ಸ್ಟೂಲಿನ ಮೇಲೆ ಹತ್ತಿ ಎರಡು ಗೋಣಿಗಳನ್ನು ಬಿಗಿಯಾಗಿ ತುರುಕಿದವಳು ನಾನು.

ಎರಡು ದಿನ ಅಕ್ಕನನ್ನು ಮೀಯಿಸುವ ಹೆಂಗಸು ಬಂದಳು. ಬಾಗಿಲು ತೆರೆದು ಆಚೀಚೆ ಓಡಾಡುತ್ತಿದ್ದಳು, ಏನೂ ಆಗಲಿಲ್ಲ. ಮೂರನೆಯ ದಿನ ಅವಳಿಗೆ ಜ್ವರ. ಅಮ್ಮ ಅಕ್ಕನ ಮೈಗೆ ಎಣ್ಣೆ ಹಚ್ಚಿ, "ನಿಧಾನ ಮೀಯಿ. ಚಿಲಕ ಹಾಕಿಕೋ, ಗಾಳಿಗೆ ಬಾಗಿಲು ತೆರೆದುಕೊಳ್ಳುತ್ತದೆ" ಎಂದು ಹೇಳಿ ಮಗುವನ್ನು ಮೀಯಿಸಲು ಅಡುಗೆಮನೆಯ ಹಿಂದಿನ ಜಗಲಿಗೆ ಹೋದಳು. ಮೇಷ್ಟ್ರಾಗಿದ್ದ ಅಪ್ಪಯ್ಯ ಆಗಲೇ ಶಾಲೆಗೆ ಹೊರಟುಹೋಗಿದ್ದರು, ವಾಸುಮಾವ ಕಾರ್ಕಳ ಪೇಟೆಯಲ್ಲಿದ್ದರು. ನಾನು ಹೊಸ ಬಚ್ಚಲ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ.

ಅಕ್ಕ ಒಳಗಿನಿಂದ ಮಗ್ಗಿ ಕೇಳುತ್ತಿದ್ದಳು. "ಹದಿಮೂರು ಏಳಲ?"

"ತೊಂಬತ್ತೊಂದು."

"ಹದಿನಾಲ್ಕು ಎಂಟಲ?"

ನನಗೆ ಬರಲಿಲ್ಲ. ಅವಳು ಗದರುವುದನ್ನು ಕಾಯುತ್ತಿದ್ದೆ. ಗದರಲಿಲ್ಲ. ನೀರು ಹುಯ್ಯುವ ಸದ್ದು ಒಮ್ಮೆ ಕೇಳಿತು, ಮತ್ತೆ ಇಲ್ಲ. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಮಗ್ಗಿ ತಪ್ಪಿತಲ್ಲ ಎಂದು ಮೆಟ್ಟಿಲ ಮೇಲೆ ಇರುವೆಗಳ ಸಾಲು ನೋಡುತ್ತ ಕೂತುಬಿಟ್ಟೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಈಗಲೂ ಲೆಕ್ಕ ಸಿಗುವುದಿಲ್ಲ. ಒಳಗೆ ಚೆಂಬು ಬಿದ್ದು ಉರುಳಿದ ಸದ್ದಾಯಿತು.

"ಅಕ್ಕಾ?"

ಬಾಗಿಲು ಬಡಿದೆ. ಕೈ ನೋಯುವಷ್ಟು ಬಡಿದೆ. "ಅಮ್ಮಾ, ಅಕ್ಕ ಮಾತಾಡುವುದಿಲ್ಲ!" ಎಂದು ಕಿರುಚಿದೆ.

ಅಮ್ಮ ಒದ್ದೆ ಮಗುವನ್ನು ಎದೆಗವಚಿಕೊಂಡು ಓಡಿ ಬಂದಳು. ಭುಜದಿಂದ ಬಾಗಿಲನ್ನು ದೂಡಿದಳು. ಅದು ಅಲುಗಲಿಲ್ಲ. "ಸುಮತೀ, ಸುಮತೀ" ಎನ್ನುವಾಗ ಅವಳ ಸ್ವರ ಒಡೆದುಹೋಯಿತು. ಆ ಕೂಗಿಗೆ ಬೇಲಿಯಾಚೆಯ ಕಾರ್ಮಿನ್ ಬಾಯಿ ಕೈಯಲ್ಲಿದ್ದ ಕತ್ತಿಯ ಸಮೇತ ಬೇಲಿ ಹಾರಿಯೇ ಬಂದರು. ಪ್ರಾಯದಲ್ಲಿ ಬೊಂಬಾಯಿಯ ದೊಡ್ಡವರ ಮನೆಯಲ್ಲಿ ಆಯಾ ಆಗಿದ್ದ, ಸ್ಥೂಲದೇಹದ ಹೆಂಗಸು ಅವರು.

"ಒಳಗೆ ಎಂತ ಉಂಟು, ಬಂಬವಾ? ಇದ್ದಲಿನದ್ದಾ?" ಎಂದವರೇ ಕಿಟಕಿಯತ್ತ ನೋಡಿದರು. "ಅಯ್ಯೋ ದೇವರೇ, ಗೋಣಿ ತುರುಕಿದ್ದು ಯಾರು?"

ಅವರು ಕತ್ತಿಯ ತುದಿಯಿಂದ ಗೋಣಿಗಳನ್ನು ಎಳೆದು ಹಾಕಿದರು. ಸರಳುಗಳ ನಡುವೆ ನನ್ನ ತಲೆಯೂ ಹಿಡಿಸುವಂತಿರಲಿಲ್ಲ. ಅವರು ಮಾಡಿನತ್ತ ನೋಡಿ, ತಗ್ಗಿನ ಅಂಚಿನಿಂದ ಏಳೆಂಟು ಹಂಚು ಕಿತ್ತು ಅಂಗಳಕ್ಕೆಸೆದು ನನ್ನನ್ನು ಎತ್ತಿ ಮೇಲೆ ಕೂರಿಸಿದರು.

"ಕೇಳು ಮಗಾ. ಉಸಿರು ಬಿಗಿಹಿಡಿದು ಇಳಿ. ಅಕ್ಕನನ್ನು ಮುಟ್ಟಬೇಡ, ಅವಳನ್ನು ನೋಡಲೂ ಬೇಡ. ಮೊದಲು ಚಿಲಕ. ಗೊತ್ತಾಯಿತಾ? ಮೊದಲು ಚಿಲಕ."

ಹಂಚಿನಡಿಯ ಪಕ್ಕಾಸುಗಳ ಸಂದಿಯಲ್ಲಿ ನುಸುಳಿ, ಜೋತುಬಿದ್ದು, ಕೈಬಿಟ್ಟೆ. ಒದ್ದೆ ನೆಲ ಜಾರಿತು. ಒಳಗೆ ಹೊಗೆ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಸೀಗೆಯ ಪರಿಮಳ, ಬಿಸಿಗಾಳಿ, ಕೊಳವೆಯ ಬಾಯಲ್ಲಿ ಕೆಂಪಗೆ ಹೊಳೆಯುವ ಕೆಂಡ. ನೋಡಬೇಡ ಎಂದಿದ್ದರೂ ನೋಡಿಬಿಟ್ಟೆ. ಗೋಡೆಗೊರಗಿದ ಅಕ್ಕನ ತಲೆ ಎದೆಗೆ ಬಿದ್ದಿತ್ತು, ಕೆನ್ನೆ ಮಾತ್ರ ಕೆಂಪಗೆ ಚಂದವಾಗಿತ್ತು. ಅವಳನ್ನು ಅಲುಗಾಡಿಸಿ ಎಬ್ಬಿಸಬೇಕೆಂದು ಕೈ ಮುಂದೆ ಹೋಯಿತು.

"ಚಿಲಕ!" ಎಂದು ಹೊರಗಿನಿಂದ ಕಾರ್ಮಿನ್ ಬಾಯಿ ಗುಡುಗಿದರು.

ಎಣ್ಣೆ ಮೆತ್ತಿದ ಚಿಲಕ ಬೆರಳಿಗೆ ಸಿಗದೆ ಜಾರಿತು. ಎದೆ ಒಡೆಯುವಂತಾಗಿ ಉಸಿರು ಎಳೆದೇಬಿಟ್ಟೆ. ಲಂಗದ ಅಂಚನ್ನು ಸುತ್ತಿ ಮತ್ತೆ ಎಳೆದೆ. ಚಿಲಕ ಸರಿಯಿತು. ಬಾಗಿಲು ನನ್ನನ್ನು ನೂಕಿಕೊಂಡೇ ತೆರೆಯಿತು.

ಇಬ್ಬರೂ ಸೇರಿ ಅಕ್ಕನನ್ನು ಸೀರೆಯಲ್ಲಿ ಸುತ್ತಿ ಅಂಗಳಕ್ಕೆ ಎಳೆದು ತಂದರು. ಮಗು ನನ್ನ ತೊಡೆಗೆ ಬಂತು. ಕಾರ್ಮಿನ್ ಬಾಯಿ ಅಕ್ಕಿ ಕೇರುವ ಗೆರಸೆಯಿಂದ ಗಾಳಿ ಬೀಸುತ್ತ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು, ಅಮ್ಮ ಪಾದ ತಿಕ್ಕುತ್ತಿದ್ದಳು. ಮಗು ಹಸಿವಿನಿಂದ ಅಳತೊಡಗಿತು. ಅಳು ಜೋರಾಯಿತು. ಆಮೇಲೆ ಅಕ್ಕನ ಹೊಟ್ಟೆ ಎಳೆದುಕೊಂಡಿತು. ಅವಳು ಪಕ್ಕಕ್ಕೆ ವಾಲಿ ವಾಂತಿ ಮಾಡಿದಳು. ಅಮ್ಮ ಆ ವಾಂತಿಯ ಪಕ್ಕದಲ್ಲೇ ಕುಸಿದು ಕೂತು ಅತ್ತಳು.

ಅಕ್ಕನ ತಲೆನೋವು ನಾಲ್ಕು ದಿನ ಇತ್ತು. ವಾಸುಮಾವ ಪೇಟೆಯಿಂದ ಬಂದವರು ವಿಷಯ ಕೇಳಿ ಬಂಬವನ್ನು ಒಬ್ಬರೇ ಎತ್ತಿ ಬಾವಿಕಟ್ಟೆಯ ಹತ್ತಿರ ಬಯಲಿನಲ್ಲಿಟ್ಟರು. ರಾತ್ರಿ ಊಟ ಮಾಡಲಿಲ್ಲ. ಕಾರ್ಮಿನ್ ಬಾಯಿಯೇ ಮರುದಿನ ಬಂದು ಅವರನ್ನು ಎಬ್ಬಿಸಿದರು. "ಬಂಬದ ತಪ್ಪಲ್ಲ ವಾಸಣ್ಣ. ಅದಕ್ಕೆ ಗಾಳಿ ಬೇಕು, ನಮ್ಮ ಹಾಗೆಯೇ. ಹೊಗೆ ಇಲ್ಲದ ಕೆಂಡವನ್ನು ನಂಬಬಾರದು, ಅಷ್ಟೇ."

ಬಂಬ ಬಯಲಿನಲ್ಲೇ ಉಳಿಯಿತು, ಅದರ ಕೆಲಸವನ್ನು ಅಂದಿನಿಂದ ನಾನೇ ಕೇಳಿ ವಹಿಸಿಕೊಂಡೆ. ನೀರು ತುಂಬದೆ ಕೆಂಡ ಹಾಕಬಾರದು, ಹಾಕಿದರೆ ಬೆಸುಗೆ ಕರಗುತ್ತದೆ. ಬಿಸಿನೀರು ತೆಗೆದಷ್ಟು ತಣ್ಣೀರು ಹುಯ್ಯಬೇಕು. ಬೂದಿ ಕಟ್ಟಿಕೊಂಡರೆ ಕೆಂಡ ಸಾಯುತ್ತದೆ, ಕಂಬಿ ಹಾಕಿ ಕೆದಕಬೇಕು. ವಾರಕ್ಕೊಮ್ಮೆ ಹುಣಸೆಹಣ್ಣು ಮತ್ತು ಬೂದಿಯಿಂದ ತಿಕ್ಕಿದರೆ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಕಿಟಕಿಗೆ ಗೋಣಿ ತುರುಕಿದ್ದು ಯಾರೆಂದು ಅಮ್ಮ ಯಾರೊಡನೆಯೂ ಹೇಳಲಿಲ್ಲ. ತಾನೇ ಹೇಳಿ ಮಾಡಿಸಿದ್ದೆಂದು ನನ್ನೊಡನೆಯೂ ಹೇಳಲಿಲ್ಲ. ಮದುವೆಯಾಗಿ ಹೊರಡುವ ದಿನದ ಬೆಳಿಗ್ಗೆಯೂ ನಾನು ಆ ಬೂದಿ ತೆಗೆದಿದ್ದೆ.

ಈಗ ನಾನು ಮಣಿಪಾಲದಲ್ಲಿ ಮಗಳ ಫ್ಲಾಟಿನಲ್ಲಿದ್ದೇನೆ. ಗೋಡೆಯಲ್ಲಿ ಬಿಳಿ ಗೀಸರು, ಅದರಲ್ಲಿ ಪುಟ್ಟ ಕೆಂಪು ದೀಪ. ಸ್ವಿಚ್ ಒತ್ತಿ ಹಲ್ಲುಜ್ಜುವಷ್ಟರಲ್ಲಿ ನೀರು ತಯಾರು. ಹೊಗೆಯಿಲ್ಲ, ಬೂದಿಯಿಲ್ಲ, ನನಗೂ ಸುಖವೇ. ಆದರೂ ಮೊಮ್ಮಗಳು ಮೀಯಲು ಹೋಗಿ ಸ್ವಲ್ಪ ತಡವಾದರೆ ಸಾಕು, ಬಾಗಿಲ ಹೊರಗೆ ನಿಂತು ಹೆಸರು ಹಿಡಿದು ಕೂಗುತ್ತೇನೆ. ಅವಳು ಫೋನಿನ ಹಾಡು ನಿಲ್ಲಿಸಿ "ಎಂತ ಅಜ್ಜೀ?" ಎಂದು ಸಿಡುಕುತ್ತಾಳೆ. ಅಷ್ಟು ಸಾಕು ನನಗೆ.

ಈ ಫ್ಲಾಟಿಗೆ ಬಂದು ಒಂಬತ್ತು ವರ್ಷವಾಯಿತು. ಸ್ನಾನದ ಕೋಣೆಯ ಗೋಡೆಯಾಚೆ, ಕಾರ್ಮಿನ್ ಬಾಯಿಯ ಬೇಲಿಗಿಂತಲೂ ಹತ್ತಿರ, ಇನ್ನೊಂದು ಸಂಸಾರ ಉಂಟು. ಅವರ ಮನೆಯ ನೀರು ಪೈಪಿನಲ್ಲಿ ಇಳಿಯುವುದು ಪ್ರತಿದಿನ ಕೇಳಿಸುತ್ತದೆ. ಅವರ ಹೆಸರು ನನಗೆ ಗೊತ್ತಿಲ್ಲ.