ಅಕ್ಕನವರು ಒಪ್ಪಿಕೊಂಡ ತಪ್ಪು

ಪದದ ಬೇರು ಕಾಣದೆ ಅರ್ಥ ಬರೆಯಬಾರದೆಂದು ಹಟ ಹಿಡಿದ ನಿಘಂಟುಕಾರರಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಅಕ್ಕನವರು ಅಗ್ರಗಣ್ಯರು. ನಮ್ಮ ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯ, ಬಿಸಿಲು ಹಾಯದ ಹಿಂಬದಿಯ ಕೋಣೆಗೆ ಅವರನ್ನು ಕರೆತಂದವರು, ಗೌರವ ಸಂಪಾದಕರಾಗಿದ್ದ ಅವರ ಕಾಲೇಜಿನ ಮೇಷ್ಟ್ರು. ಹೊಸಬರಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು, ತಾವು ಸ್ಟೂಲಿನ ಮೇಲೆ ಕೂತು ಕೆಲಸ ಕಲಿಸಿದವರು ಅಕ್ಕ. ಬೈದರೆ ಮಾತ್ರ ಮೂರನೇ ಕೋಣೆಗೂ ಕೇಳಿಸುತ್ತಿತ್ತು.

ಇಲ್ಲೊಂದು ಪದ್ಧತಿಯಿದೆ. ಬರೆದವರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಣ್ಣು ಮುಚ್ಚಿ ಕೇಳಿ ‘ಹ್ಞೂಂ’ ಎನ್ನಬೇಕು, ಆಮೇಲಷ್ಟೇ ಅಚ್ಚಿಗೆ. ಅಕ್ಕ ಬರೆದದ್ದನ್ನು ಕೇಳುತ್ತಿದ್ದವರು ಮೇಷ್ಟ್ರು. ಬರಬರುತ್ತ ಅವರಿಗೆ ಮರೆವು ಕವಿಯಿತು, ಏನೋದಿದರೂ ‘ಹ್ಞೂಂ’. ಬಾಯಿ ಬಿಟ್ಟರೆ ಮೇಷ್ಟ್ರನ್ನು ಮನೆಗೆ ಕಳಿಸುತ್ತಾರೆ, ಕೆಲಸವಿಲ್ಲದೆ ಆ ಜೀವ ನಿಲ್ಲುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡು, ತಾವೇ ಇಬ್ಬರ ಕೆಲಸ ಮಾಡತೊಡಗಿದರು.

ಕಣ್ತಪ್ಪಿದ್ದು ‘ಡಿಸ್‌ಕ್ವಾಲಿಫೈ’ ಎಂಬಲ್ಲಿ. ಅರ್ಹತೆಯನ್ನು ಕಳೆ ಎಂಬ ಅರ್ಥ ಸರಿಯಾಗಿಯೇ ಇತ್ತು. ಅದರ ಬೇರು ‘ಎಂಥದು’ ಎಂದು ಕೇಳುವ ಲ್ಯಾಟಿನ್ ಪದ: ಇಂಥವರೆಂದು ಮಾಡುವುದು ಕ್ವಾಲಿಫೈ, ಹಾಗೆ ಮಾಡಿದ್ದನ್ನು ಅಳಿಸುವುದು ಡಿಸ್‌ಕ್ವಾಲಿಫೈ. ದಣಿದಿದ್ದ ಅಕ್ಕ, ‘ಎಷ್ಟು’ ಎಂಬರ್ಥದ ಇನ್ನೊಂದು ಲ್ಯಾಟಿನ್ ಪದವನ್ನು ಅದರ ಬೇರು ಎಂದು ಬರೆದರು. ಮೇಷ್ಟ್ರು ‘ಹ್ಞೂಂ’ ಅಂದರು. ಅದು ಹಾಗೇ ಅಚ್ಚಾಯಿತು.

ಪ್ರಧಾನ ಸಂಪಾದಕರ ಹುದ್ದೆಗೆ ಅಕ್ಕನವರ ಹೆಸರು ಹೋಗಿದ್ದ ಕಾಲವದು. ಅಚ್ಚಾದ ತಪ್ಪನ್ನು ಕಂಡ ನಿರ್ದೇಶಕರು ಇಬ್ಬರನ್ನೂ ಕರೆಸಿದರು.

“ಇದನ್ನ ಮೇಷ್ಟ್ರಿಗೆ ಓದಿ ಹೇಳಿದ್ರಾ?”

ಮೇಷ್ಟ್ರು ಏನೂ ನೆನಪಾಗದೆ ಕಿಟಕಿಯತ್ತ ನೋಡುತ್ತಿದ್ದರು.

“ಇಲ್ಲ ಸಾರ್. ಅವಸರ ಇತ್ತು, ಓದ್ಲೇ ಇಲ್ಲ,” ಎಂದರು ಅಕ್ಕ.

ಓದಿ ಹೇಳದೆ ಅಚ್ಚಿಗೆ ಕಳಿಸಿದವರು ಆ ಹುದ್ದೆಗೆ ಅನರ್ಹರೆಂಬುದು ನಿಯಮ. ಹುದ್ದೆ ಕೈತಪ್ಪಿತು. ಹೊರಗೆ ಬಂದ ಮೇಲೆ ಮೇಷ್ಟ್ರು, “ನಂಗೆ ಓದಿ ಹೇಳ್ದೇ ಕಳಿಸ್ಬಿಟ್ಯೇನಮ್ಮ? ನೀನು ಇಂಥವಳು ಅಂತ ಗೊತ್ತಿರ್ಲಿಲ್ಲ,” ಎಂದರು.

“ತಪ್ಪಾಯ್ತು ಮೇಷ್ಟ್ರೇ,” ಎಂದಷ್ಟೇ ಹೇಳಿ ಅಕ್ಕ ಅವರನ್ನು ಕೈಹಿಡಿದು ಮೆಟ್ಟಿಲಿಳಿಸಿದರು. ಹುದ್ದೆ ಹೋದಾಗ ಬಾರದ ಅಳು ಆಗ ಬಂದಿತ್ತು. ಆಮೇಲೆ ಮೇಷ್ಟ್ರು ಮನೆಯ ದಾರಿಯನ್ನು ಮರೆತರು, ಹೆತ್ತ ಮಗಳ ಹೆಸರನ್ನು ಮರೆತರು. ಅಕ್ಕ ಓದಿ ಹೇಳಲಿಲ್ಲವೆಂಬುದೊಂದನ್ನು ಮಾತ್ರ ಸಾಯುವವರೆಗೂ ಮರೆಯಲಿಲ್ಲ.

ಅವರು ಈಗಿಲ್ಲವೆಂದೇ ಇದನ್ನು ಬರೆಯಲು ಅಕ್ಕನವರು ಒಲ್ಲದ ಮನಸ್ಸಿನಿಂದ ಒಪ್ಪಿದ್ದಾರೆ. ಆಯುರಾರೋಗ್ಯ ಅವರಿಗೆ ತುಂಬಿ ಬರಲಿ, ಪದಗಳ ಬೇರು ಹುಡುಕುವ ಕೆಲಸ ಮನೆಯಲ್ಲೂ ಸಾಗಲಿ. ಮೇಷ್ಟ್ರಿಗೆ ನಿಜ ಹೇಳಲಾಗಲಿಲ್ಲವಲ್ಲ ಎಂಬ ಕೊರಗನ್ನು ಮಾತ್ರ ಇನ್ನು ಮುಂದಾದರೂ ನಮಗೆ ಬಿಟ್ಟುಕೊಡಲಿ.