ಚೌಕದ ಎರಡೂ ಬದಿಯನ್ನು ಎಣಿಸಿದವರು

ಜನಚಳವಳಿಗಳ ಅಧ್ಯಯನವೆಂಬ ನಮ್ಮ ಕ್ಷೇತ್ರದಲ್ಲಿ ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಒಂದು ಕೆಲಸದ ಹಂಚಿಕೆಯಿದೆ. ಎಡಪಂಥದ ಚಳವಳಿಗಳ ಬಗ್ಗೆ ಎಡದ ಅಭಿಮಾನಿಗಳು ಬರೆಯುತ್ತಾರೆ, ಬಲಪಂಥದ ಚಳವಳಿಗಳ ಬಗ್ಗೆ ಬಲದ ಅಭಿಮಾನಿಗಳು ಬರೆಯುತ್ತಾರೆ, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಕೈಗೆತ್ತಿಕೊಳ್ಳುವುದು ಬೈಯುವುದಕ್ಕೆ ಮಾತ್ರ. ಎರಡೂ ಬದಿಯ ಜನರ ಎದುರು ಒಂದೇ ಪ್ರಶ್ನೆಪಟ್ಟಿ ಹಿಡಿದು, ಒಂದೇ ತಾಳ್ಮೆಯಿಂದ, ಒಂದೇ ಬಿಸಿಲಿನಲ್ಲಿ ನಿಂತು ಕೇಳಿಸಿಕೊಂಡ ವಿದ್ವಾಂಸರು ಬೆರಳೆಣಿಕೆಯಷ್ಟು. ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಆ ಕೆಲವರಲ್ಲಿ ಮೊದಲಿಗರು. ಹೊಗಳಿಕೆ ಮಿತಿಯಲ್ಲಿರಲಿ ಎಂದು ಈ ಸಂಪುಟದ ಸಂಪಾದಕರು ನನಗೆ ಎಚ್ಚರಿಕೆ ಕೊಟ್ಟಿದ್ದಾರೆ. ಮಿತಿ ಮೀರುವ ಉದ್ದೇಶದಿಂದಲೇ ಕುಳಿತಿದ್ದೇನೆ, ಸಂಪಾದಕರು ಕ್ಷಮಿಸಬೇಕು.

ಮೇಡಂ ವಿಭಾಗಕ್ಕೆ ಬಂದಾಗ ಅವರಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕೊಠಡಿ. ಮೇಲಿನ ತರಗತಿ ಬಿಟ್ಟಾಗ ಇಳಿಯುವ ಕಾಲುಗಳ ಸದ್ದಿಗೆ ಒಳಗೆ ಮಾತು ಕೇಳುತ್ತಿರಲಿಲ್ಲ. ಒಂದು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು, ನಾಲ್ಕು ಕುರ್ಚಿ. ಆ ಕೊಠಡಿಯಲ್ಲೇ ಅವರು ತಮ್ಮ ಎರಡು ನಿಯಮಗಳನ್ನು ರೂಪಿಸಿದರು. ಯಾರಿಗೆ ಯಾವ ಪಕ್ಷ ಇಷ್ಟವೋ ಅವರು ಅದರ ವಿರುದ್ಧದವರ ಬಳಿಗೆ ಹೋಗಿ ಕೂರಬೇಕು, ಇದು ಮೊದಲನೆಯದು. ಅಲ್ಲಿ ಕೇಳಿದ ಪ್ರಶ್ನೆಯನ್ನು ಇಲ್ಲಿಯೂ ಅದೇ ಮಾತಿನಲ್ಲಿ ಕೇಳಬೇಕು, ಇದು ಎರಡನೆಯದು. ಸ್ವತಃ ಅವರು ಬೆಳಗ್ಗೆ ಒಂದು ಗುಂಪಿನ ಜೊತೆ, ಮಧ್ಯಾಹ್ನದ ಮೇಲೆ ಇನ್ನೊಂದು ಗುಂಪಿನ ಜೊತೆ ಇರುತ್ತಿದ್ದರು. ಹಾಗಾಗಿ ಊರಿನ ಚಳವಳಿಗಾರರೆಲ್ಲರ ಬಾಯಲ್ಲಿ ಅವರು ‘ಅರ್ಧ ದಿನದ ಮೇಡಂ’ ಆದರು. ಎಡದವರೂ ಬಲದವರೂ ಒಮ್ಮತದಿಂದ ಇಟ್ಟ ಹೆಸರು ನನಗೆ ತಿಳಿದಂತೆ ಇದೊಂದೇ.

ನಾನು ಅವರ ಬಳಿ ಸಂಶೋಧನೆಗೆ ಸೇರಿದ್ದು ಇಪ್ಪತ್ತಮೂರು ವರ್ಷಗಳ ಹಿಂದೆ. ನನ್ನ ಅಪ್ಪ ನಗರ ಸಾರಿಗೆಯ ಬಸ್ ಚಾಲಕ, ಕಾರ್ಮಿಕ ಸಂಘದ ಸಭೆಗಳಲ್ಲಿ ಮುಂದಿನ ಸಾಲಿನವರು. ಹಾಲು ಕುಡಿಯುವ ವಯಸ್ಸಿನಿಂದ ಘೋಷಣೆ ಕೇಳಿ ಬೆಳೆದವನು ನಾನು. ಸಂದರ್ಶನದ ದಿನ ಮೇಡಂ ನನ್ನ ಅರ್ಜಿಯನ್ನು ಓದಿ, ಕನ್ನಡಕ ತೆಗೆದು, ನನ್ನನ್ನು ಬಲಪಂಥದವರ ಕಡೆಗೆ ಕಳಿಸುವುದಾಗಿ ಹೇಳಿದರು. ನನ್ನ ಮುಖ ಹುಳ್ಳಗಾದದ್ದನ್ನು ಕಂಡು ಅವರಿಗೆ ಬಹಳ ಸಂತೋಷವಾಯಿತೆಂದು ಆಮೇಲೆ ಎಷ್ಟೋ ಸಲ ನಗುತ್ತಾ ನೆನಪಿಸಿಕೊಂಡಿದ್ದಾರೆ.

ಆ ವರ್ಷ ಆಡಳಿತವು ಬಡಾವಣೆಗಳ ಹನ್ನೊಂದು ಸಣ್ಣ ಶಾಲೆಗಳನ್ನು ಮುಚ್ಚಿ, ಮಕ್ಕಳನ್ನೆಲ್ಲ ಊರ ಹೊರಗಿನ ಒಂದೇ ದೊಡ್ಡ ಶಾಲೆಗೆ ಸೇರಿಸುವ ಆದೇಶ ಹೊರಡಿಸಿತ್ತು. ಆಡಳಿತ ಕಚೇರಿಯ ಎದುರಿನ ಚೌಕದಲ್ಲಿ ಎರಡು ಧರಣಿಗಳು ಶುರುವಾದವು. ಪೂರ್ವದ ಪಾದಚಾರಿ ದಾರಿಯಲ್ಲಿ ಎಡದವರು. ಅವರ ಮುಂದಾಳು ನಿವೃತ್ತ ದಾದಿ, ಎಲ್ಲರಿಗೂ ನರ್ಸಮ್ಮ. ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳುತ್ತಿದೆ ಎಂಬುದು ಅವರ ವಾದ. ಪಶ್ಚಿಮದ ದಾರಿಯಲ್ಲಿ ಬಲದವರು. ಅವರಿಗೆ ಹಾರ್ಡ್‌ವೇರ್ ಅಂಗಡಿಯ ಯಜಮಾನರು ನಾಯಕರು. ಸರ್ಕಾರ ಮಕ್ಕಳನ್ನು ಮನೆಯಿಂದ, ನೆರೆಹೊರೆಯಿಂದ ಕಿತ್ತುಕೊಳ್ಳುತ್ತಿದೆ ಎಂಬುದು ಇವರ ದೂರು. ಇಬ್ಬರ ಬೇಡಿಕೆಯೂ ಶಾಲೆ ಮುಚ್ಚಬೇಡಿ ಎಂಬುದೇ. ಆದರೆ ಇಬ್ಬರೂ ಆಡಳಿತಕ್ಕಿಂತ ಹೆಚ್ಚು ಬೈಯುತ್ತಿದ್ದದ್ದು ರಸ್ತೆಯ ಆಚೆ ಬದಿಯವರನ್ನು. ಎರಡೂ ಕಡೆಯ ಧ್ವನಿವರ್ಧಕಗಳು ಎದುರುಬದುರು ತಿರುಗಿದ್ದವು. ಕಚೇರಿಯ ಅಧಿಕಾರಿಗಳು ಕಿಟಕಿ ಮುಚ್ಚಿಕೊಂಡು ನೆಮ್ಮದಿಯಾಗಿದ್ದರು.

ಈ ಎರಡು ಧರಣಿಗಳನ್ನು ಹೋಲಿಸಿ ಮೇಡಂ ಬರೆದ ಗ್ರಂಥ ಇಂದು ಎಲ್ಲ ವಿಶ್ವವಿದ್ಯಾಲಯಗಳ ಕಪಾಟಿನಲ್ಲಿದೆ. ಎಡದವರ ಸಭೆ ತಡವಾಗಿ ಆರಂಭವಾಗಿ, ಎಲ್ಲರೂ ಮಾತನಾಡಿ ಮುಗಿಸಿದ ಮೇಲೂ ಮುಗಿಯುತ್ತಿರಲಿಲ್ಲ. ಬಲದವರ ಸಭೆ ಗಡಿಯಾರ ನೋಡಿ ಶುರುವಾಗಿ, ಯಜಮಾನರು ಮಾತು ನಿಲ್ಲಿಸಿದ ಕೂಡಲೇ ಮುಗಿಯುತ್ತಿತ್ತು. ಎಡದವರಲ್ಲಿ ಕೆಲಸ ಹಂಚುವುದು ಗೋಡೆಗೆ ಅಂಟಿಸಿದ ಪಟ್ಟಿಯ ಪ್ರಕಾರ, ಬಲದವರಲ್ಲಿ ಬಂಧುಬಳಗದ ಮೂಲಕ. ಅಲ್ಲಿ ಹೊಸಬರಿಗೆ ಒಂದು ಕರಪತ್ರ ಕೊಡುತ್ತಿದ್ದರು, ಇಲ್ಲಿ ಒಂದು ಕುರ್ಚಿ. ಎರಡು ಕಡೆಯೂ ಮೈಕು ಹಿಡಿದವರು ಬಹುತೇಕ ಗಂಡಸರು, ಟೀ ಕಾಯಿಸಿದವರೂ ಮನೆಮನೆಗೆ ಫೋನು ಮಾಡಿ ಜನ ಸೇರಿಸಿದವರೂ ಹೆಂಗಸರು ಎಂದು ತೋರಿಸಿದ ಅಧ್ಯಾಯವನ್ನು ಮಾತ್ರ ಎರಡು ಬದಿಯ ಗಂಡಸರೂ ಒಟ್ಟಾಗಿ ವಿರೋಧಿಸಿದರು. ನರ್ಸಮ್ಮ ಮಾತ್ರ ಆ ಅಧ್ಯಾಯವನ್ನು ಎರಡು ಸಲ ಓದಿಸಿಕೊಂಡರಂತೆ. ಇಷ್ಟೆಲ್ಲ ಹೋಲಿಕೆ ಕಂಡ ಮೇಲೆ ಎರಡೂ ಒಂದೇ ಅಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. ಹಾಗೆ ಹೇಳುವುದು ಸೋಮಾರಿಯ ಲಕ್ಷಣ, ಒಬ್ಬರು ಎಲ್ಲರಿಗೂ ಸಮಾನವಾಗಿ ಸಿಗಬೇಕೆನ್ನುತ್ತಾರೆ, ಇನ್ನೊಬ್ಬರು ಇದ್ದದ್ದು ಕೈತಪ್ಪಬಾರದೆನ್ನುತ್ತಾರೆ, ಇವು ಬೇರೆ ಬೇರೆ ಆಸೆಗಳು ಎಂದು ಮೇಡಂ ಗದರಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಪ್ರತಿ ಶನಿವಾರ ಚೌಕದ ತಲೆ ಎಣಿಕೆ ನನ್ನ ಪಾಲಿನ ಕೆಲಸ. ಒಂದು ಶನಿವಾರ ನಾನು ಎಡದವರನ್ನು ಆರುನೂರ ಹನ್ನೆರಡು ಎಂದೂ, ಬಲದವರನ್ನು ಇನ್ನೂರ ಎಪ್ಪತ್ತು ಎಂದೂ ಬರೆದೆ. ಪೂರ್ವದ ಬದಿಯಲ್ಲಿ ಬಸ್ ನಿಲ್ದಾಣವಿತ್ತು, ಅಲ್ಲಿ ಬಸ್ಸಿಗೆ ಕಾಯುತ್ತಿದ್ದವರನ್ನೆಲ್ಲ ಧರಣಿಗೆ ಸೇರಿಸಿಕೊಂಡಿದ್ದೆ. ಪಶ್ಚಿಮದ ಬದಿಯಲ್ಲಿ ಬಿಸಿಲು ತಾಳದೆ ಅಂಗಡಿಗಳ ಮೆಟ್ಟಿಲ ನೆರಳಿನಲ್ಲಿ ಕುಳಿತ ಬಲದವರನ್ನು ಗಿರಾಕಿಗಳೆಂದು ಬಿಟ್ಟಿದ್ದೆ. ಬೇಕೆಂದು ಮಾಡಿದ್ದಲ್ಲ. ಆದರೆ ನನ್ನ ಕಣ್ಣು ಯಾರನ್ನು ಪ್ರೀತಿಸುತ್ತಿತ್ತೋ ಅವರನ್ನು ಹೆಚ್ಚು ಮಾಡಿತು. ಪತ್ರಿಕೆಯೊಂದು ಆ ಅಂಕಿಗಳನ್ನು ಮೇಡಂ ಹೆಸರಿನಲ್ಲಿ ಮುಖಪುಟದಲ್ಲಿ ಅಚ್ಚು ಹಾಕಿತು. ಅಂದು ಮನೆಯಲ್ಲಿ ಅಪ್ಪನ ಖುಷಿ ಹೇಳತೀರದು.

ಯಜಮಾನರು ಪತ್ರಿಕೆಯನ್ನು ಮಡಚಿ ಹಿಡಿದು ನೇರವಾಗಿ ಮೆಟ್ಟಿಲ ಕೆಳಗಿನ ಕೊಠಡಿಗೆ ಬಂದರು. ಮೇಡಂ ನನ್ನ ಎಣಿಕೆಯ ಹಾಳೆಗಳನ್ನೂ ಅಂದು ತೆಗೆದ ಫೋಟೋಗಳನ್ನೂ ಅವರ ಮುಂದೆಯೇ ಹರಡಿ, ಒಂದೊಂದು ತಲೆಯ ಮೇಲೂ ಪೆನ್ಸಿಲ್ ಚುಕ್ಕಿಯಿಟ್ಟು ಮತ್ತೆ ಎಣಿಸಿದರು. ಮುಗಿಯುವಾಗ ಸಂಜೆಯಾಗಿತ್ತು. ಎಡದವರು ಮುನ್ನೂರ ಎಂಬತ್ತೆಂಟು, ಬಲದವರು ಮುನ್ನೂರ ತೊಂಬತ್ತೊಂದು. ಮರುದಿನ ಮೇಡಂ ಪಶ್ಚಿಮದ ಮೈಕಿನ ಮುಂದೆ ನಿಂತು ಎಣಿಕೆ ತಪ್ಪಾಗಿದೆ, ತಪ್ಪು ತಮ್ಮದು ಎಂದರು. ರಸ್ತೆ ದಾಟಿ ಪೂರ್ವದ ಮೈಕಿನ ಮುಂದೆಯೂ ಅದನ್ನೇ ಹೇಳಿದರು. ಬಲದವರು ಕೆಂಡವಾದದ್ದು ತಮ್ಮನ್ನು ಕಡಿಮೆ ಎಣಿಸಿದ್ದಕ್ಕೆ. ಎಡದವರು ಕೆಂಡವಾದದ್ದು ತಮ್ಮನ್ನು ಸರಿಯಾಗಿ ಎಣಿಸಿದ್ದಕ್ಕೆ. ಅದರಲ್ಲೂ ಆ ಮೂರು ತಲೆಗಳ ಹಿನ್ನಡೆಯನ್ನು ನನ್ನ ಅಪ್ಪನಿಂದ ಸಹಿಸಲಾಗಲಿಲ್ಲ. ಒಂದು ವಾರ ಅವರು ನನ್ನ ಜೊತೆ ಮಾತು ಬಿಟ್ಟರು.

ಎರಡು ಬದಿಯಿಂದಲೂ ವಿಶ್ವವಿದ್ಯಾಲಯಕ್ಕೆ ದೂರು ಹೋಯಿತು. ಅಧ್ಯಯನ ನಿಲ್ಲಿಸಿ, ಮೇಡಂ ಅವರನ್ನು ಕೆಲಸದಿಂದ ತೆಗೆಯಿರಿ ಎಂದು ಎರಡರಲ್ಲೂ ಇತ್ತು. ಹದಿನೈದು ದಿನದಲ್ಲಿ ವಿಚಾರಣೆ ನಿಗದಿಯಾಯಿತು. ಕೆಲಸ ಹೋಗುವುದಿದ್ದರೆ ನನ್ನಿಂದ ಹೋಗುತ್ತದೆ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ. ಆದರೆ ಮೇಡಂ ಆ ಹದಿನೈದು ದಿನ ತಮ್ಮ ರಕ್ಷಣೆಗೆ ಒಂದು ಸಾಲೂ ಬರೆಯಲಿಲ್ಲ. ನರ್ಸಮ್ಮನ ಬಳಿಗೂ ಯಜಮಾನರ ಬಳಿಗೂ ಹೋಗಿ ಒಂದೇ ಪ್ರಶ್ನೆ ಕೇಳಿದರು. ನಮ್ಮ ಎಣಿಕೆಯ ಮೇಲೆ ನಿಮಗೆ ನಂಬಿಕೆಯಿಲ್ಲ, ಸರಿ, ಹಾಗಾದರೆ ಮುಂದಿನ ಶನಿವಾರ ಅವರನ್ನು ನೀವು ಎಣಿಸಿ, ನಿಮ್ಮನ್ನು ಅವರು ಎಣಿಸಲಿ, ಆಗಬಹುದೇ?

ಮೊದಲು ಯಾರೂ ಒಪ್ಪಲಿಲ್ಲ. ಆಮೇಲೆ ಆ ಬದಿಯವರು ಒಪ್ಪಿಬಿಟ್ಟರೆ ನಾವು ಹೆದರಿದಂತಾಗುತ್ತದೆ ಎಂದು ಇಬ್ಬರೂ ಒಪ್ಪಿದರು. ಆ ಶನಿವಾರವನ್ನು ಕಣ್ಣಾರೆ ಕಂಡ ಪುಣ್ಯ ನನ್ನದು. ನರ್ಸಮ್ಮ ಆರು ಮಂದಿಯನ್ನು ಕರೆದುಕೊಂಡು ರಸ್ತೆ ದಾಟಿ, ಆಸ್ಪತ್ರೆಯ ವಾರ್ಡಿನಲ್ಲಿ ಓಡಾಡಿದ ಹಾಗೆ ಸಾಲುಸಾಲಾಗಿ ಬಲದವರ ತಲೆ ಎಣಿಸಿದರು. ಯಜಮಾನರು ತಮ್ಮ ಆರು ಮಂದಿಯೊಡನೆ ಈಚೆ ಬಂದು, ಮೊಳೆ ಎಣಿಸಿ ರೂಢಿಯಿದ್ದ ಕೈಯಲ್ಲಿ ಎಡದವರನ್ನು ಎಣಿಸಿದರು. ಬಸ್ ನಿಲ್ದಾಣದಲ್ಲಿ ಒಬ್ಬೊಬ್ಬರನ್ನೂ ನೀವು ಬಸ್ಸಿಗೋ ಧರಣಿಗೋ ಎಂದು ವಿಚಾರಿಸಿದರು. ನೆರಳಿನಲ್ಲಿ ಕುಳಿತ ಒಬ್ಬ ಮುದುಕನ ರಕ್ತದೊತ್ತಡದ ಬಗ್ಗೆ ನರ್ಸಮ್ಮ ಹತ್ತು ನಿಮಿಷ ಗದರಿದ್ದರಿಂದ ಎಣಿಕೆ ಸ್ವಲ್ಪ ತಡವಾಯಿತು. ಕೊನೆಗೆ ನರ್ಸಮ್ಮ ಎಣಿಸಿದ ಬಲದವರು ನಾನೂರ ಇಪ್ಪತ್ತು, ಯಜಮಾನರು ಎಣಿಸಿದ ಎಡದವರು ನಾನೂರ ಮೂವತ್ತಮೂರು. ಮೇಡಂ ಬೇರೆಯಾಗಿ ಎಣಿಸಿಟ್ಟ ಅಂಕಿಗಳಿಗೂ ಇವಕ್ಕೂ ಮೂರಕ್ಕಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ. ಇಬ್ಬರು ನಾಯಕರೂ ಒಂದೇ ಹಾಳೆಗೆ ಸಹಿ ಹಾಕಿದರು, ಪೆನ್ನು ಮಾತ್ರ ಅವರವರದ್ದೇ.

ಆ ಹಾಳೆ ಚೌಕದ ಚರಿತ್ರೆಯನ್ನೇ ಬದಲಿಸಿತು. ನಾಲ್ಕು ಜನ ಕೂಗುತ್ತಿದ್ದಾರೆ ಅಷ್ಟೇ ಎನ್ನುತ್ತಿದ್ದ ಆಡಳಿತದ ಮೇಜಿನ ಮೇಲೆ, ಒಬ್ಬರನ್ನೊಬ್ಬರು ಕಂಡರಾಗದವರು ಒಬ್ಬರಿಗೊಬ್ಬರು ಕೊಟ್ಟ ಎಂಟುನೂರ ಐವತ್ತಮೂರು ತಲೆಗಳ ಪ್ರಮಾಣಪತ್ರ ಬಂದು ಕುಳಿತಿತು. ಅದನ್ನು ಸುಳ್ಳೆನ್ನಲು ಯಾವ ಅಧಿಕಾರಿಗೂ ನಾಲಿಗೆ ಏಳಲಿಲ್ಲ. ತಿಂಗಳೊಳಗೆ ಆದೇಶ ಹಿಂದಕ್ಕೆ ಹೋಯಿತು, ಹನ್ನೊಂದು ಶಾಲೆಗಳೂ ಉಳಿದವು. ಗೆಲುವು ತಮ್ಮದೇ ಎಂದು ಇಬ್ಬರೂ ಬೇರೆ ಬೇರೆ ದಿನ ಮೆರವಣಿಗೆ ಮಾಡಿದರು. ಎರಡಕ್ಕೂ ಮೇಡಂ ಹೋದರು, ಎರಡನ್ನೂ ಎಣಿಸಿದರು.

ವಿಚಾರಣೆಯ ದಿನ ನಾನು ತಪ್ಪೊಪ್ಪಿಗೆ ಬರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ಮೇಡಂ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

“ನೀನು ಒಳಗೆ ಬಂದ್ರೆ ಅವರಿಗೊಬ್ಬ ಹುಡುಗ ಸಿಗ್ತಾನೆ, ಅವನನ್ನ ಮನೆಗೆ ಕಳಿಸಿ ಕೈ ತೊಳ್ಕೋತಾರೆ. ನಾನು ಹೇಳಿಕೊಟ್ಟಿದ್ದರಲ್ಲೇ ಏನೋ ಕಮ್ಮಿ ಇತ್ತು. ಹೋಗಿ ಓದ್ಕೋ.”

ಹೊರಗಿನ ಒಂದೇ ಬೆಂಚಿನಲ್ಲಿ ನರ್ಸಮ್ಮ ಮತ್ತು ಯಜಮಾನರು ಬೇರೆ ದಾರಿಯಿಲ್ಲದೆ ಅಕ್ಕಪಕ್ಕ ಕುಳಿತಿದ್ದರು. ತಮ್ಮ ತಮ್ಮ ದೂರುಗಳನ್ನು ಹಿಂದಕ್ಕೆ ಪಡೆಯಲು ಬಂದವರು ಅವರು. ಒಳಗೆ ಯಜಮಾನರು ಹೇಳಿದ ಮಾತು ಸಮಿತಿಯ ಟಿಪ್ಪಣಿಯಲ್ಲಿದೆ: “ಈಯಮ್ಮ ನಮ್ಮ ಕಡೆಯವರಲ್ಲ. ಆ ಕಡೆಯವರೂ ಅಲ್ಲ ಅಂತ ಈಗ ಗೊತ್ತಾಯ್ತು. ಬಿಡ್ರಿ ಅವರನ್ನ, ಕೆಲಸ ಮಾಡ್ಲಿ.” ನರ್ಸಮ್ಮ ಅದಕ್ಕೆ ತಲೆಯಾಡಿಸಿದರೆಂದೂ, ಆ ಮನುಷ್ಯನ ಮಾತನ್ನು ಒಪ್ಪಿದ್ದು ಜೀವಮಾನದಲ್ಲಿ ಅದೇ ಮೊದಲು ಎಂದರೆಂದೂ ಅದೇ ಟಿಪ್ಪಣಿ ಹೇಳುತ್ತದೆ.

ಮೇಡಂ ಕೆಲಸ ಉಳಿಯಿತು, ಅಧ್ಯಯನವೂ ಉಳಿಯಿತು. ಪರಸ್ಪರ ಎಣಿಕೆಯ ಆ ಕ್ರಮ ಇಂದು ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಅನುಸರಿಸುವ ಪದ್ಧತಿ. ಆದರೆ ತಪ್ಪಂತೂ ಆಗಿತ್ತಲ್ಲ, ಅದಕ್ಕೊಬ್ಬರು ಹೊಣೆಗಾರರು ಬೇಕಿತ್ತು. ‘ಅಂಕಿಅಂಶ ಸಂಗ್ರಹದಲ್ಲಿ ಅಜಾಗರೂಕತೆ’ ಎಂಬ ಛೀಮಾರಿಯ ಸಾಲು ಮೇಡಂ ಅವರ ಸೇವಾ ಪುಸ್ತಕ ಸೇರಿತು. ಆ ಒಂದು ಸಾಲಿನಿಂದಾಗಿ ಎರಡು ಬಾರಿ ವಿಭಾಗದ ಮುಖ್ಯಸ್ಥರ ಸ್ಥಾನ ಅವರ ಕೈ ತಪ್ಪಿತು. ಎರಡು ಸಲವೂ ಹೊಸ ಮುಖ್ಯಸ್ಥರ ಕೈಯನ್ನು ಮೊದಲು ಕುಲುಕಿದವರು ಅವರೇ. ನಾನು ಅವರ ಮಾರ್ಗದರ್ಶನದಲ್ಲೇ ಪದವಿ ಪಡೆದೆ, ಅದೇ ವಿಭಾಗದಲ್ಲಿ ಅಧ್ಯಾಪಕನಾದೆ. ಆ ಸಾಲಿನ ಮಾತೆತ್ತಿದಾಗಲೆಲ್ಲ ಅವರು ನನಗೆ ಹೊಸ ಕೆಲಸ ಹಚ್ಚಿ ಬಾಯಿ ಮುಚ್ಚಿಸಿದರು. ನಾನೂ ಮುಚ್ಚಿಕೊಂಡೆ. ಇಪ್ಪತ್ತೆರಡು ವರ್ಷ ಮುಚ್ಚಿಕೊಂಡಿದ್ದೆ ಎಂದು ಬರೆಯುವಾಗ ನಾಚಿಕೆಯಾಗುತ್ತದೆ.

ಮೂರು ತಿಂಗಳ ಹಿಂದೆ ನಾನು ಅವರಿಗೆ ತಿಳಿಸದೆ, ನನ್ನ ಹಳೆಯ ಎಣಿಕೆಯ ಹಾಳೆಗಳನ್ನು ಲಗತ್ತಿಸಿ ಕುಲಸಚಿವರಿಗೆ ಪತ್ರ ಬರೆದೆ. ಕಳೆದ ವಾರ ಆದೇಶ ಬಂತು. ಮೇಡಂ ಅವರ ಸೇವಾ ಪುಸ್ತಕದಿಂದ ಆ ಸಾಲನ್ನು ತೆಗೆಯಲಾಗಿದೆ. ಆದೇಶದ ಪ್ರತಿ ಹಿಡಿದು ಅವರು ನನ್ನ ಕೊಠಡಿಗೆ ಬಂದು, ಅದನ್ನು ನನ್ನ ಮೇಜಿನ ಮೇಲೆ ಬಡಿದರು.

“ಆ ಸಾಲನ್ನೀಗ ನಿನ್ನ ಸೇವಾ ಪುಸ್ತಕದಲ್ಲಿ ಬರೀತಾರಲ್ಲೋ, ದಡ್ಡ.”

“ಬರೆದಾಯ್ತು ಮೇಡಂ. ನಾನೇ ಹೋಗಿ ಸಹಿ ಹಾಕಿ ಬಂದೆ.”

ಅವರು ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮುಂದಿನ ಶನಿವಾರ ಚೌಕದಲ್ಲಿ ಮತ್ತೆರಡು ಧರಣಿಗಳಿವೆಯಂತೆ, ನಿವೃತ್ತಿಯಾದ ಮೇಲೆ ತಮಗೆ ದಿನವೆಲ್ಲ ಬಿಡುವೆಂದು ತಿಳಿಸಿದರು. ಅಂತಹ ಶನಿವಾರಗಳು ಅವರಿಗೆ ನೂರಾರು ದೊರೆಯಲಿ, ಕಾಲಿನ ಕಸುವೂ ಕಣ್ಣಿನ ಬೆಳಕೂ ಕುಂದದಿರಲಿ, ಇನ್ನೂ ಎರಡು ಗ್ರಂಥಗಳಾದರೂ ಅವರ ಲೇಖನಿಯಿಂದ ಹೊರಬರಲಿ ಎಂದು ಹಾರೈಸುತ್ತೇನೆ. ಮೂವತ್ತನಾಲ್ಕು ವರ್ಷ ಪರರ ಲೆಕ್ಕವನ್ನು ನೇರ ಮಾಡಿದ ನನ್ನ ಗುರುಗಳು, ತಮ್ಮ ಹೆಸರಿನ ಮುಂದೆ ಒಂದೂ ಕಪ್ಪು ಸಾಲಿಲ್ಲದೆ, ತಲೆಯೆತ್ತಿ ಈ ಕಟ್ಟಡದ ಮೆಟ್ಟಿಲಿಳಿಯುತ್ತಿದ್ದಾರೆ. ಆ ಸಾಲೀಗ ನನ್ನ ಹೆಸರಿನ ಮುಂದಿದೆ, ಅದನ್ನು ಯಾರೂ ಅಳಿಸದಿರಲಿ.